ಮಾದರಿ ಸಬ್‌ಮರೀನಿಗೆ ಬ್ಯಾಲಸ್ಟ್ ಮತ್ತು ಟ್ರಿಮ್: ಮೊದಲ ಸಲ ಮಾಡುವವರಿಗೆ

"ಟ್ಯಾಂಕ್ ಪೂರ್ತಿ ತುಂಬಿದರೂ ಗೋಪುರ ನೀರಿನ ಮೇಲೇ ಇದೆ, ಇನ್ನೆಷ್ಟು ಸೀಸ ಹಾಕಬೇಕು?" "ಮುಳುಗುತ್ತದೆ, ಆದರೆ ಮೂತಿ ಕೆಳಗೆ ಮಾಡಿಕೊಂಡು ಸೀದಾ ತಳ ಸೇರುತ್ತದೆ." "ಮುಳುಗುವುದು ಸರಿಯಾಯಿತು ಅನ್ನುವಷ್ಟರಲ್ಲಿ ತೇಲುವ ಮಟ್ಟ ಕೆಟ್ಟುಹೋಯಿತು." ರೇಡಿಯೊ ನಿಯಂತ್ರಿತ ಸಬ್‌ಮರೀನ್ ಕಟ್ಟಲು ಹೊರಟವರು ಪದೇ ಪದೇ ಕೇಳುವುದು ಈ ಮೂರನ್ನೇ. ಹೆಚ್ಚಿನ ಸಲ ಮೂರಕ್ಕೂ ಕಾರಣ ಒಂದೇ. ಭಾರಕ್ಕೆ ಸೀಸವನ್ನೂ ತೇಲಿಸಲು ಫೋಮನ್ನೂ ತೋಚಿದ ಕಡೆ ತೋಚಿದಷ್ಟು ಹಾಕುತ್ತ, ತೆಗೆಯುತ್ತ ಹೋಗಿರುತ್ತಾರೆ. ಕ್ರಮ ಹಿಡಿದು ಮಾಡಿದರೆ ಇದು ಒಂದು ಮಧ್ಯಾಹ್ನದ ಕೆಲಸ. ಕ್ರಮ ತಪ್ಪಿದರೆ ವಾರಗಟ್ಟಲೆ ಎಳೆಯುತ್ತದೆ.

ಲೆಕ್ಕಕ್ಕೆ ಒಂದು ನಿಜವಾದ ದೋಣಿ ಹಿಡಿಯೋಣ: ಎರಡನೇ ಮಹಾಯುದ್ಧದ ಜರ್ಮನ್ ಟೈಪ್ 7ಸಿ, 1:72 ಅಳತೆಯ ಪ್ಲಾಸ್ಟಿಕ್ ಕಿಟ್. ಅಸಲಿ ಉದ್ದ 67.1 ಮೀಟರ್, ಮಾದರಿಯದ್ದು ಸುಮಾರು 93 ಸೆಂ.ಮೀ. ನಿಮ್ಮದು ಬೇರೆ ದೋಣಿಯಾದರೆ ಅಂಕಿಗಳು ಬದಲಾಗುತ್ತವೆ, ವಿಧಾನ ಬದಲಾಗುವುದಿಲ್ಲ.

ಮೊದಲು ನಾಲ್ಕು ಪದಗಳು

ಬ್ಯಾಲಸ್ಟ್ ಟ್ಯಾಂಕ್: ಮುಳುಗಲು ನೀರು ತುಂಬಿಕೊಳ್ಳುವ, ಏಳಲು ಖಾಲಿಯಾಗುವ ತೊಟ್ಟಿ.

ಟ್ರಿಮ್: ದೋಣಿ ಬೇಕಾದ ಮಟ್ಟದಲ್ಲಿ, ಮೂತಿ–ಬಾಲ ಸಮನಾಗಿ, ಪಕ್ಕಕ್ಕೆ ವಾಲದೆ ನಿಲ್ಲುವಂತೆ ತೂಕ ಮತ್ತು ತೇಲುಬಲವನ್ನು ಹೊಂದಿಸುವುದು.

ನೀರುರೇಖೆ: ಟ್ಯಾಂಕ್ ಖಾಲಿ ಇರುವಾಗ ದೋಣಿಯ ಒಡಲು ನೀರಿನ ಮೇಲ್ಮೈಯನ್ನು ಕತ್ತರಿಸುವ ಗೆರೆ. ಕಿಟ್‌ನ ಬಣ್ಣದ ಚಿತ್ರದಲ್ಲಿ ಎರಡು ಬಣ್ಣ ಸೇರುವ ಗೆರೆ ಸಾಮಾನ್ಯವಾಗಿ ಇದೇ.

ವೆಟ್ ಹಲ್: ಹೊರ ಒಡಲಿನೊಳಗೆ ನೀರು ಧಾರಾಳವಾಗಿ ಹರಿದು ಬರುವ ಕಟ್ಟಣೆ. ಮೋಟರ್, ಬ್ಯಾಟರಿ, ಸರ್ವೋ (ಚುಕ್ಕಾಣಿ, ರೆಕ್ಕೆಗಳನ್ನು ತಿರುಗಿಸುವ ಪುಟ್ಟ ಮೋಟರ್), ಟ್ಯಾಂಕ್ ಎಲ್ಲವೂ ಒಳಗಿನ ಒಂದು ನೀರುಬಿಗಿ ಕೊಳವೆಯಲ್ಲಿ ಇರುತ್ತವೆ. ಹೊರ ಒಡಲು ಬರೀ ಅಂಗಿ. ಮೊದಲ ದೋಣಿಗೆ ಇದೇ ಸರಿ. ಇಡೀ ಒಡಲನ್ನೇ ನೀರುಬಿಗಿ ಮಾಡುವ ಡ್ರೈ ಹಲ್‌ಗೆ ದೊಡ್ಡ ಟ್ಯಾಂಕೂ ಬೇಕು, ಹೆಚ್ಚು ಸೀಸವೂ ಬೇಕು.

ಇಡೀ ಕೆಲಸದ ಸೂತ್ರ

ನೀರುರೇಖೆಯ ಕೆಳಗಿಟ್ಟ ಫೋಮ್ ದೋಣಿ ತೇಲುವಾಗಲೂ ಎತ್ತುತ್ತದೆ, ಮುಳುಗಿದಾಗಲೂ ಎತ್ತುತ್ತದೆ. ನೀರುರೇಖೆಯ ಮೇಲಿಟ್ಟ ಫೋಮ್ ಮುಳುಗಿದಾಗ ಮಾತ್ರ ಎತ್ತುತ್ತದೆ. ತೇಲುವಾಗ ಅದು ಗಾಳಿಯಲ್ಲಿರುವ ಒಂದು ಹಗುರ ತುಂಡು, ಅಷ್ಟೇ.

ಆದ್ದರಿಂದ ಮೊದಲು ತೇಲುವ ಟ್ರಿಮ್. ಅದನ್ನು ಸೀಸ, ಬ್ಯಾಟರಿ ಮತ್ತು ರೇಖೆಯ ಕೆಳಗಿನ ಫೋಮಿನಿಂದ ಮುಗಿಸಿ. ಆಮೇಲೆ ಮುಳುಗಿದ ಟ್ರಿಮ್. ಅದಕ್ಕೆ ರೇಖೆಯ ಮೇಲಿನ ಫೋಮನ್ನು ಮಾತ್ರ ಮುಟ್ಟಿ. ಎರಡನೆಯದನ್ನು ಸರಿಮಾಡುವಾಗ ಮೊದಲನೆಯದು ಕೆಡದಿರಲು ಇದೊಂದೇ ದಾರಿ.

ಬೇಕಾದ ಸಾಮಾನು

1 ಗ್ರಾಂ ತೋರಿಸುವ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ, 50 ಅಥವಾ 60 ಮಿ.ಲೀ. ಸಿರಿಂಜ್, ಸ್ಕೇಲು, ನೀರಿಗೆ ಅಳಿಸದ ಮಾರ್ಕರ್, ರಬ್ಬರ್ ಬ್ಯಾಂಡ್ ಒಂದು ಹಿಡಿ, ಸಿಲಿಕೋನ್ ಸೀಲಂಟ್, ಸಿಲಿಕೋನ್ ಗ್ರೀಸ್.

ಸೀಸಕ್ಕೆ ಮೀನು ಹಿಡಿಯುವ ಗಾಳದ ಗುಂಡುಗಳು ಸುಲಭ. ಟೈರ್ ಅಂಗಡಿಯ ಅಂಟಿಸುವ ಬ್ಯಾಲೆನ್ಸಿಂಗ್ ತೂಕಗಳೂ ಆಗುತ್ತವೆ, ಆದರೆ ಈಗ ಬರುವವುಗಳಲ್ಲಿ ಬಹಳಷ್ಟು ಉಕ್ಕಿನವು. ಆಯಸ್ಕಾಂತಕ್ಕೆ ಅಂಟಿದರೆ ಬಿಡಿ, ತುಕ್ಕು ಹಿಡಿಯುತ್ತವೆ. ಸೀಸವನ್ನು ಮನೆಯಲ್ಲಿ ಕರಗಿಸಬೇಡಿ, ಅರ ಹಾಕಿ ಉಜ್ಜಬೇಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಫೋಮಿನ ವಿಷಯದಲ್ಲಿ ರಾಜಿ ಬೇಡ. ಬಿಳಿ ಮಣಿಮಣಿಯ ಥರ್ಮಾಕೋಲ್ ಬೇಡವೇ ಬೇಡ. ಮಣಿಗಳ ಸಂದಿಯಲ್ಲಿ ನೀರು ನಿಧಾನವಾಗಿ ಸೇರಿ, ಬೆಳಿಗ್ಗೆ ಸರಿಯಿದ್ದ ಟ್ರಿಮ್ ಸಂಜೆಗೆ ಇರುವುದಿಲ್ಲ. ಚಾವಣಿಗೆ ಶಾಖ ತಡೆಯಲು ಹಾಕುವ ಎಕ್ಸ್‌ಪಿಎಸ್ ಹಲಗೆ (ನೀಲಿ, ಗುಲಾಬಿ ಅಥವಾ ಹಸಿರು ಬಣ್ಣದ, ನುಣುಪು ಕೋಶಗಳ ಗಟ್ಟಿ ಫೋಮ್) ತನ್ನಿ. ಅದರ 1 ಘನ ಸೆಂ.ಮೀ. ತುಂಡು ನೀರಿನಲ್ಲಿ ಸುಮಾರು 0.97 ಗ್ರಾಂ ಎತ್ತುತ್ತದೆ. ಲೆಕ್ಕಕ್ಕೆ 1 ಗ್ರಾಂ ಎಂದೇ ಹಿಡಿಯಬಹುದು. ಚಪ್ಪಲಿಯ ಮೆತ್ತನೆ ಫೋಮ್, ಪ್ಯಾಕಿಂಗ್ ಫೋಮ್ ಆಳಕ್ಕೆ ಹೋದಂತೆ ಹಿಸುಕಿಹೋಗುತ್ತವೆ.

ಪರೀಕ್ಷೆಗೆ ತೊಟ್ಟಿ: ನಮ್ಮ ಮನೆಗಳಲ್ಲಿ ಬಾತ್‌ಟಬ್ ಅಪರೂಪ. ಸಿಮೆಂಟ್ ಬ್ಲಾಕುಗಳನ್ನು ಆಯತಾಕಾರದಲ್ಲಿ ಜೋಡಿಸಿ, ಒಳಗೆ ಹಳೇ ಬೆಡ್‌ಶೀಟು, ಅದರ ಮೇಲೆ ತೂತಿಲ್ಲದ ಟಾರ್ಪಾಲು ಹಾಸಿದರೆ ಸಾಕು. ಒಳ ಅಳತೆ 120 × 40 ಸೆಂ.ಮೀ., ನೀರಿನ ಆಳ 30 ಸೆಂ.ಮೀ. ಎಂದರೆ ಸುಮಾರು 145 ಲೀಟರ್. ನೆಲದ ಮೇಲೇ ಮಾಡಿ, ತಾರಸಿಯ ಅಂಚಿನಲ್ಲಿ ಬೇಡ. ಮಕ್ಕಳ ಗಾಳಿ ತುಂಬುವ ಈಜುತೊಟ್ಟಿಯೂ ನಡೆಯುತ್ತದೆ. ಮೊದಲ ಟ್ರಿಮ್ಮಿಗೆ ಕೆರೆಗೆ ಹೋಗಬೇಡಿ. ಗಾಳಿ, ಅಲೆ, ಕೆಸರಿನ ನಡುವೆ ಎರಡು ಮಿಲಿಮೀಟರ್ ವ್ಯತ್ಯಾಸ ಕಾಣುವುದಿಲ್ಲ.

ಹಂತ 1: ಕೊಳವೆ ಸೋರುವುದಿಲ್ಲ ಎಂದು ಖಾತ್ರಿ ಮಾಡಿ

ಸೋರುವ ದೋಣಿಯನ್ನು ಟ್ರಿಮ್ ಮಾಡಲಾಗದು. ನೀರುಬಿಗಿ ಕೊಳವೆಯ ಮುಚ್ಚಳಗಳ ಓ-ರಿಂಗ್‌ಗಳಿಗೆ (ಸಂದಿ ಮುಚ್ಚುವ ರಬ್ಬರ್ ಉಂಗುರಗಳಿಗೆ) ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ ಮುಚ್ಚಿ. ಸಣ್ಣ ರಂಧ್ರದ ಮೂಲಕ ಸಿರಿಂಜಿನಿಂದ 50 ಮಿ.ಲೀ. ಗಾಳಿ ಒಳಗೆ ತಳ್ಳಿ ರಂಧ್ರ ಬಿಗಿದು, ನೀರಿನಡಿ ಹತ್ತು ನಿಮಿಷ ಹಿಡಿದು ನೋಡಿ. 60 ಮಿ.ಮೀ. ವ್ಯಾಸ, 50 ಸೆಂ.ಮೀ. ಉದ್ದದ ಕೊಳವೆ ಸುಮಾರು 1.4 ಲೀಟರ್ ಜಾಗ ಹಿಡಿಯುವುದರಿಂದ, ಬರಿ ಕೊಳವೆಯಾದರೆ ಅದನ್ನು ಅದುಮಿಡಲು ಒಂದು ಕಿಲೋಗಿಂತ ಹೆಚ್ಚು ತೂಕ ಬೇಕಾಗುತ್ತದೆ, ಸಿದ್ಧವಾಗಿಟ್ಟುಕೊಳ್ಳಿ. ಪ್ರೊಪೆಲರ್ ದಂಡ ಮತ್ತು ಸರ್ವೋ ಕಡ್ಡಿ ಹೊರಬರುವ ಜಾಗದಲ್ಲಿ ಗುಳ್ಳೆ ಬಂದರೆ ಆ ಸೀಲ್ ಬದಲಿಸಿ. ಆಮೇಲೆ ಒಳಗೆ ಒಂದು ಒಣ ಟಿಶ್ಯೂ ಇಟ್ಟು ಅರ್ಧ ಗಂಟೆ ಮುಳುಗಿಸಿ. ಟಿಶ್ಯೂ ಒಣಗಿಯೇ ಇದ್ದರೆ ಮುಂದಿನ ಹಂತ.

ಪಿಸ್ಟನ್ ಟ್ಯಾಂಕ್ (ದೊಡ್ಡ ಸಿರಿಂಜಿನಂತೆ ಮೋಟರ್ ಎಳೆಯುವ ಟ್ಯಾಂಕ್) ಬಳಸುವವರು ಇನ್ನೊಂದು ಗಮನಿಸಬೇಕು. ಪಿಸ್ಟನ್ ಹಿಂದೆ ಸರಿದು ನೀರು ಒಳಗೆ ಬಂದಷ್ಟೂ ಕೊಳವೆಯೊಳಗಿನ ಗಾಳಿ ಒತ್ತಿಕೊಳ್ಳುತ್ತದೆ. ಒಳಗೆ 900 ಮಿ.ಲೀ. ಖಾಲಿ ಗಾಳಿ ಇದ್ದು 215 ಮಿ.ಲೀ. ನೀರು ಎಳೆದರೆ ಒತ್ತಡ ಸುಮಾರು 1.3 ಪಟ್ಟು. ಇದು ಮೂರು ಮೀಟರ್ ನೀರಿನ ಒತ್ತಡಕ್ಕೆ ಸಮ, ಆದರೆ ಒಳಗಿನಿಂದ ಹೊರಕ್ಕೆ. ಸೀಲ್ ದುರ್ಬಲವಿದ್ದರೆ ಗಾಳಿ ಮೆಲ್ಲಗೆ ಹೊರಹೋಗುತ್ತದೆ. ಕೇಡು ಆಗುವುದು ಆಮೇಲೆ: ಟ್ಯಾಂಕ್ ಖಾಲಿ ಮಾಡಿದಾಗ ಒಳಗೆ ಗಾಳಿ ಕಡಿಮೆಯಾಗಿ, ಅದೇ ಸೀಲಿನಿಂದ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ಮುಳುಗುವಾಗ ಕಂಡ ಗುಳ್ಳೆ "ಪರವಾಗಿಲ್ಲ" ಅನ್ನುವ ಗುಳ್ಳೆಯಲ್ಲ.

ಹಂತ 2: ಟ್ಯಾಂಕ್ ಎಷ್ಟು ದೊಡ್ಡದಿರಬೇಕು?

ಇಲ್ಲಿ ಬಹಳ ಜನ ಅಸಲಿ ದೋಣಿಯ ಅಂಕಿ ಹಿಡಿದು ಹೊರಡುತ್ತಾರೆ. ಟೈಪ್ 7ಸಿ ತೇಲುವಾಗ 769 ಟನ್, ಮುಳುಗಿದಾಗ 871 ಟನ್. ವ್ಯತ್ಯಾಸ 102 ಟನ್. 72ರ ಘನ 3,73,248. ಭಾಗಿಸಿದರೆ 273 ಮಿ.ಲೀ. ಲೆಕ್ಕವೇನೋ ಸರಿ, ಆದರೆ ನಿಮ್ಮ ವೆಟ್ ಹಲ್‌ಗೆ ಇದು ಸಂಬಂಧಿಸಿದ್ದಲ್ಲ. ನಿಮಗೆ ಬೇಕಾದ್ದು ಇಷ್ಟೇ: ನೀರುರೇಖೆಯ ಮೇಲಿರುವ ಘನ ವಸ್ತುಗಳ ಒಟ್ಟು ಗಾತ್ರ. ತೂಕವಲ್ಲ, ಗಾತ್ರ. ಒಡಲೊಳಗೆ ಬಂದುಹೋಗುವ ನೀರು ಲೆಕ್ಕಕ್ಕಿಲ್ಲ.

ಕಾರಣ ಸರಳ. ತೇಲುವಾಗ ದೋಣಿಯ ತೂಕಕ್ಕೆ ರೇಖೆಯ ಕೆಳಗಿನ ಗಾತ್ರ ಸಮನಾಗಿರುತ್ತದೆ. ಮುಳುಗಬೇಕಾದರೆ ರೇಖೆಯ ಮೇಲಿನದೂ ನೀರಿಗೆ ಬರುತ್ತದೆ. ಅದು ಹೊಸದಾಗಿ ಎಷ್ಟು ಎತ್ತುತ್ತದೋ ಅಷ್ಟೇ ತೂಕದ ನೀರನ್ನು ಟ್ಯಾಂಕ್ ಒಳಗೆ ತರಬೇಕು.

ಅಳೆಯುವ ಬಗೆ: ಡೆಕ್, ಗೋಪುರ, ತೋಪು, ಕಟಕಟೆ, ಒಡಲಿನ ಮೇಲ್ಭಾಗ, ಹೀಗೆ ರೇಖೆಯ ಮೇಲೆ ಬರುವ ಎಲ್ಲವನ್ನೂ ತೂಗಿ. ಕಿಟ್‌ನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಸಾಂದ್ರತೆ 1.05, ಹಿತ್ತಾಳೆಯದು ಸುಮಾರು 8.5. ಪ್ಲಾಸ್ಟಿಕ್ 190 ಗ್ರಾಂ, ಹಿತ್ತಾಳೆ 40 ಗ್ರಾಂ ಬಂತು ಎಂದು ಹಿಡಿಯಿರಿ. 190ನ್ನು 1.05ರಿಂದ ಭಾಗಿಸಿದರೆ 181, 40ನ್ನು 8.5ರಿಂದ ಭಾಗಿಸಿದರೆ 5. ಒಟ್ಟು 186 ಮಿ.ಲೀ. ಇದಕ್ಕೆ ಶೇ. 15 ಸೇರಿಸಿ: ಸುಮಾರು 215 ಮಿ.ಲೀ. ಆ ಹೆಚ್ಚುವರಿ ಭಾಗವನ್ನು ಆಮೇಲೆ ಡೆಕ್ಕಿನಡಿಯ ಫೋಮ್ ಸರಿದೂಗಿಸುತ್ತದೆ. 50 ಮಿ.ಮೀ. ಒಳವ್ಯಾಸದ ಪಿಸ್ಟನ್ ಆದರೆ 11 ಸೆಂ.ಮೀ. ಓಟ ಬೇಕು.

ಎರಡು ಎಚ್ಚರಿಕೆ. ಒಂದು, ನೀರುಬಿಗಿ ಕೊಳವೆಯನ್ನು ಪೂರ್ತಿ ರೇಖೆಯ ಕೆಳಗೇ ಕೂರಿಸಿ. ಟೈಪ್ 7ಸಿ ತಳದಿಂದ ರೇಖೆಗೆ 4.74 ಮೀಟರ್, ಮಾದರಿಯಲ್ಲಿ 66 ಮಿ.ಮೀ. 60 ಮಿ.ಮೀ. ಕೊಳವೆಯನ್ನು ತಳಕ್ಕೆ ಹತ್ತಿರವಾಗಿಟ್ಟರೆ ಹಿಡಿಸುತ್ತದೆ. ಕೊಳವೆಯ ಬೆನ್ನು ರೇಖೆಯ ಮೇಲೆ ಬಂದರೆ ಆ ಭಾಗದ ಗಾತ್ರವನ್ನೂ ಟ್ಯಾಂಕ್ ಹೊರಬೇಕು. ಎರಡು, 3ಡಿ ಪ್ರಿಂಟ್ ಮಾಡಿದ ಗೋಪುರವನ್ನು ತೂಗಿ ಗಾತ್ರ ಲೆಕ್ಕ ಹಾಕಬೇಡಿ. ಒಳಗೆ ಜಾಳಿಗೆಯಿದ್ದು ಗಾಳಿ ತುಂಬಿರುತ್ತದೆ. ತುಂಬಿ ತುಳುಕುವ ಬಕೆಟ್ಟಿನಲ್ಲಿ ಅದ್ದಿ, ಚೆಲ್ಲಿದ ನೀರನ್ನು ತೂಗಿ. ಅಂಥ ಭಾಗಗಳನ್ನು ಒಳಗೆ ಪೂರ್ತಿ ಗಟ್ಟಿಯಾಗಿ ಪ್ರಿಂಟ್ ಮಾಡಿಸುವುದೇ ಒಳ್ಳೆಯದು, ಇಲ್ಲವಾದರೆ ಪದರಗಳ ಸಂದಿಯಿಂದ ನೀರು ಇಳಿಯುತ್ತಲೇ ಇರುತ್ತದೆ.

ಹಂತ 3: ಟ್ಯಾಂಕ್ ಎಲ್ಲಿ ಕೂರಬೇಕು?

"ದೋಣಿಯ ನಡುಮಧ್ಯ" ಎಂಬ ಉತ್ತರ ಹತ್ತಿರ ಹತ್ತಿರ ಸರಿ, ಪೂರ್ತಿ ಸರಿಯಲ್ಲ. ಟ್ಯಾಂಕಿನ ನಡು ಬರಬೇಕಾದ್ದು ರೇಖೆಯ ಮೇಲಿನ ಗಾತ್ರದ ಕೇಂದ್ರದ ಕೆಳಗೆ. ಅದನ್ನು ಹುಡುಕಲು ಲೆಕ್ಕ ಬೇಡ. ಒಡಲಿನ ಮೇಲ್ಭಾಗವನ್ನು ಡೆಕ್, ಗೋಪುರ ಸಮೇತ ಜೋಡಿಸಿ (ಹಿತ್ತಾಳೆ ತುಂಡುಗಳಿಲ್ಲದೆ), ಸ್ಕೇಲಿನ ಅಂಚಿನ ಮೇಲೆ ಅಡ್ಡಲಾಗಿಟ್ಟು ತೂಗಿಸಿ. ಸಮತೋಲ ಸಿಕ್ಕ ಜಾಗಕ್ಕೆ ಗುರುತು ಹಾಕಿ. ಟ್ಯಾಂಕಿನ ಮಧ್ಯ ಆ ಗುರುತಿನ ನೇರ ಕೆಳಗೆ.

ತಪ್ಪಿದರೆ ಏನಾಗುತ್ತದೆ? ಮುಳುಗಿದ ದೋಣಿಯನ್ನು ಸಮನಾಗಿ ಹಿಡಿದಿಡುವುದು ಒಂದೇ: ಗುರುತ್ವ ಕೇಂದ್ರ (ಎಲ್ಲ ತೂಕ ಒಟ್ಟುಗೂಡಿದಂತೆ ವರ್ತಿಸುವ ಬಿಂದು) ತೇಲು ಕೇಂದ್ರದ (ನೀರು ಎತ್ತುವ ಬಲದ ಬಿಂದು) ಕೆಳಗಿರುವುದು. ಈ ಎರಡರ ನಡುವೆ ನಮ್ಮ ಅಳತೆಯ ದೋಣಿಯಲ್ಲಿ 8 ಮಿ.ಮೀ. ಸಿಕ್ಕರೆ ಚೆನ್ನಾಗಿಯೇ ಇದೆ. ದೋಣಿ 2 ಕಿಲೋ ಎಂದುಕೊಳ್ಳಿ. 215 ಗ್ರಾಂ ನೀರು ಸರಿಯಾದ ಜಾಗಕ್ಕಿಂತ 1 ಸೆಂ.ಮೀ. ಮುಂದೆ ಕೂತರೆ ಮೂತಿ ಸುಮಾರು 8 ಡಿಗ್ರಿ ಇಳಿಯುತ್ತದೆ. 5 ಸೆಂ.ಮೀ. ಮುಂದಾದರೆ 34 ಡಿಗ್ರಿ. ಮೂತಿ ಕೆಳಗೆ ಮಾಡಿಕೊಂಡು ತಳ ಸೇರುವ ದೋಣಿಗಳ ಕಥೆ ಸಾಮಾನ್ಯವಾಗಿ ಇದೇ.

ಬ್ಯಾಟರಿ ಕೊಳವೆಯ ತಳದಲ್ಲಿ ಇರಲಿ, ಹಿಂದೆ ಮುಂದೆ ಸರಿಸುವಂತಿರಲಿ, ಆದರೆ ಓಡಾಟದಲ್ಲಿ ತಾನಾಗಿ ಸರಿಯದಂತೆ ವೆಲ್ಕ್ರೋ ಹಾಕಿ. ಪಂಪ್ ಅಥವಾ ಗ್ಯಾಸ್ ಬಳಸುವ ಟ್ಯಾಂಕ್ ಆದರೆ ಉದ್ದ ಕಡಿಮೆ ಇರಲಿ, ಒಳಗೆ ಅಡ್ಡ ತಡಿಕೆಗಳಿರಲಿ. ಅರ್ಧ ತುಂಬಿದ ಉದ್ದನೆ ಟ್ಯಾಂಕಿನಲ್ಲಿ ಮೂತಿ ಕೊಂಚ ಇಳಿದರೆ ನೀರೆಲ್ಲ ಮುಂದಕ್ಕೆ ಓಡುತ್ತದೆ, ಮೂತಿ ಇನ್ನಷ್ಟು ಇಳಿಯುತ್ತದೆ. ಪಿಸ್ಟನ್ ಟ್ಯಾಂಕಿಗೆ ಈ ತೊಂದರೆಯಿಲ್ಲ. ಮೊದಲ ದೋಣಿಗೆ ಅದನ್ನು ಶಿಫಾರಸು ಮಾಡುವುದೂ ಇದಕ್ಕೇ.

ಹಂತ 4: ತೇಲುವ ಟ್ರಿಮ್

ದೋಣಿ ಓಡಲು ಸಿದ್ಧವಾಗಿರುವ ಸ್ಥಿತಿಯಲ್ಲೇ ಇದನ್ನು ಮಾಡಬೇಕು: ಬಣ್ಣ ಬಳಿದು ಒಣಗಿರಬೇಕು, ಬ್ಯಾಟರಿ ಒಳಗಿರಬೇಕು, ಮುಚ್ಚಳ ಹಾಕಿರಬೇಕು, ಟ್ಯಾಂಕ್ ಪೂರ್ತಿ ಖಾಲಿ ಇರಬೇಕು.

ನೀರಿಗಿಳಿಸಿದ ಕೂಡಲೇ ಅಳೆಯಬೇಡಿ. ಮೂತಿ ಎತ್ತಿ, ಬಾಲ ಎತ್ತಿ, ಎರಡೂ ಪಕ್ಕಕ್ಕೆ ಹೊರಳಿಸಿ ಗುಳ್ಳೆ ಬಿಡಿಸಿ. ಒಡಲಿನ ತಳದಲ್ಲಿ ನೀರು ಬರುವ ರಂಧ್ರಗಳೂ ಡೆಕ್ಕಿನಲ್ಲಿ ಗಾಳಿ ಹೋಗುವ ರಂಧ್ರಗಳೂ ಸಾಕಷ್ಟಿರಬೇಕು. ಈ ಕಿಟ್‌ನ ಡೆಕ್ಕಿನ ಅಚ್ಚಿನಲ್ಲಿರುವ ಸೀಳುಗಳನ್ನು ಡ್ರಿಲ್ ಮಾಡಿ ತೆರೆಯುವುದು ಬೇಸರದ ಕೆಲಸ, ಆದರೆ ತಪ್ಪಿಸುವಂತಿಲ್ಲ. ತೊಟ್ಟಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದರೆ ಸಣ್ಣ ಗುಳ್ಳೆಗಳು ಅಂಟಿಕೊಳ್ಳುವುದಿಲ್ಲ.

ಈಗ ದೋಣಿ ಎತ್ತರವಾಗಿ ತೇಲುತ್ತಿರುತ್ತದೆ. ಸೀಸವನ್ನು ರಬ್ಬರ್ ಬ್ಯಾಂಡಿನಿಂದ ತಳದ ಹೊರಕ್ಕೇ ಕಟ್ಟುತ್ತ ಬನ್ನಿ. ಒಳಗಿಡುವುದು ಆಮೇಲೆ. ಆರಂಭದಲ್ಲಿ 50 ಗ್ರಾಂ ತುಂಡುಗಳು, ರೇಖೆಗೆ ಒಂದು ಸೆಂ.ಮೀ. ಹತ್ತಿರ ಬಂದ ಮೇಲೆ 5 ಗ್ರಾಂ. ನೀರಿನೊಳಗೆ 100 ಗ್ರಾಂ ಸೀಸ ಒತ್ತುವುದು ಸುಮಾರು 91 ಗ್ರಾಂನಷ್ಟು ಮಾತ್ರ ಎಂಬುದು ನೆನಪಿರಲಿ. ಕೊಳವೆಯೊಳಗೆ ಇಟ್ಟರೆ ಪೂರ್ತಿ 100. ಆದ್ದರಿಂದ ಹೊರಗೆ ಕಟ್ಟಿ ಅಳೆದ ಸೀಸವನ್ನು ಒಡಲೊಳಗೆ, ಆದರೆ ಕೊಳವೆಯ ಹೊರಗೆ, ತಳದುದ್ದಕ್ಕೂ ಅಂಟಿಸಿದರೆ ಲೆಕ್ಕ ಕೆಡುವುದಿಲ್ಲ.

ಸಾಮಾನ್ಯ ದೋಣಿ ಕಟ್ಟಿ ಅಭ್ಯಾಸವಿದ್ದವರು ಇಲ್ಲೇ ಬೇಸ್ತು ಬೀಳುವುದು. ವೆಟ್ ಹಲ್‌ನಲ್ಲಿ ನೀರಿನ ಮೇಲ್ಮೈಯನ್ನು ಕತ್ತರಿಸುವುದು ಬರೀ ಪ್ಲಾಸ್ಟಿಕ್ ಗೋಡೆ. ಎರಡೂ ಪಕ್ಕ ಸೇರಿ ಸುಮಾರು 186 ಸೆಂ.ಮೀ. ಉದ್ದ, 2 ಮಿ.ಮೀ. ದಪ್ಪ, ಅಂದರೆ 37 ಚದರ ಸೆಂ.ಮೀ. ಹೀಗಾಗಿ 4 ಗ್ರಾಂ ಸೇರಿಸಿದರೆ ದೋಣಿ 1 ಮಿ.ಮೀ. ಇಳಿಯುತ್ತದೆ. 40 ಗ್ರಾಂ ಸೇರಿಸಿದರೆ ಒಂದು ಸೆಂ.ಮೀ.! ಅದೇ ಅಳತೆಯ ಡ್ರೈ ಹಲ್ 1 ಮಿ.ಮೀ. ಇಳಿಯಲು ಸುಮಾರು 45 ಗ್ರಾಂ ಬೇಕು. ಆದ್ದರಿಂದ ಇಲ್ಲಿ ಒಂದೊಂದು ಗುಂಡಿಗೂ ಬೆಲೆಯಿದೆ. ರೇಖೆಯಿಂದ ಎರಡು ಮಿಲಿಮೀಟರ್ ಆಚೀಚೆ ಇದ್ದರೆ ಗೆದ್ದಿರಿ ಎಂದುಕೊಳ್ಳಿ, ಅದಕ್ಕಿಂತ ನಿಖರತೆಗೆ ಜೀವ ತೇಯಬೇಡಿ.

ಮೂತಿ ಇಳಿದಿದ್ದರೆ ಬಾಲಕ್ಕೆ ಸೀಸ ಸೇರಿಸುವ ಮೊದಲು ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ. 200 ಗ್ರಾಂ ಬ್ಯಾಟರಿಯನ್ನು 2 ಸೆಂ.ಮೀ. ಸರಿಸುವುದೂ, ನಡುವಿನಿಂದ 40 ಸೆಂ.ಮೀ. ದೂರದ ಬಾಲಕ್ಕೆ 10 ಗ್ರಾಂ ಸೇರಿಸುವುದೂ ಒಂದೇ ಪರಿಣಾಮ. ಸರಿಸಿದರೆ ಒಟ್ಟು ತೂಕ ಬದಲಾಗುವುದಿಲ್ಲ, ಇದು ಅದರ ಲಾಭ. ಪಕ್ಕಕ್ಕೆ ವಾಲಿದ್ದರೆ ಕೀಲ್ (ತಳದ ನಡುಗೆರೆ) ಮೇಲಿನ ಸೀಸವನ್ನು ಎದುರು ಪಕ್ಕಕ್ಕೆ ಕೆಲವು ಮಿಲಿಮೀಟರ್ ಸರಿಸಿದರೆ ಸಾಕು.

ಈಗಲೇ ದೋಣಿ ರೇಖೆಗಿಂತ ಕೆಳಗೆ ತೇಲುತ್ತಿದ್ದರೆ ಸೀಸ ತೆಗೆಯಿರಿ. ತೆಗೆಯಲು ಸೀಸವೇ ಇಲ್ಲದಿದ್ದರೆ ರೇಖೆಯ ಕೆಳಗೆ, ಆದರೆ ಅದಕ್ಕೆ ಆದಷ್ಟು ಹತ್ತಿರ, ಕೊಳವೆಯ ಎರಡೂ ಪಕ್ಕ ಫೋಮ್ ಇಡಿ. ತಳದಲ್ಲಿ ಫೋಮ್ ಇಟ್ಟರೆ ದೋಣಿ ತಲೆಕೆಳಗಾಗಲು ನೀವೇ ಸಹಾಯ ಮಾಡಿದಂತೆ.

ಹಂತ 5: ಮುಳುಗಿದ ಟ್ರಿಮ್

ಟ್ಯಾಂಕನ್ನು ನಿಧಾನವಾಗಿ ತುಂಬಿ, ಕೈ ಹತ್ತಿರವೇ ಇರಲಿ. ತೇಲುವ ಸ್ಥಿತಿಯಿಂದ ಮುಳುಗುವ ಸ್ಥಿತಿಗೆ ಹೋಗುವ ನಡುವೆ ದೋಣಿ ಸ್ವಲ್ಪ ಹೊತ್ತು ದುರ್ಬಲವಾಗಿರುತ್ತದೆ. ಸೀಸ ತಕ್ಕಷ್ಟು ಕೆಳಗಿಲ್ಲದಿದ್ದರೆ ಪಕ್ಕಕ್ಕೆ ಮಗುಚುವುದು ಆಗಲೇ.

ಪಿಸ್ಟನ್ ಟ್ಯಾಂಕ್ ಅರ್ಧ ತುಂಬಿದಾಗ ದೋಣಿ ನೀರು ಬರುವ ಬಾಯಿಯ ಕಡೆಗೆ ಕೆಲವು ಡಿಗ್ರಿ ವಾಲುತ್ತದೆ. ಆಗ ನೀರೆಲ್ಲ ಟ್ಯಾಂಕಿನ ಒಂದು ತುದಿಯಲ್ಲೇ ಇರುತ್ತದಲ್ಲ! ಪೂರ್ತಿ ತುಂಬಿದಾಗ ತಾನಾಗಿ ಸರಿಹೋಗುತ್ತದೆ. ಅರ್ಧ ತುಂಬಿದ ಸ್ಥಿತಿಯನ್ನು ನೋಡಿ ಸೀಸ ಸರಿಸಲು ಹೋಗಬೇಡಿ.

ಪೂರ್ತಿ ತುಂಬಿದ ಮೇಲೆ ಎರಡರಲ್ಲಿ ಒಂದು ಆಗುತ್ತದೆ.

ದೋಣಿ ತಳ ಸೇರಿದರೆ ಒಳ್ಳೆಯ ಸುದ್ದಿ. ಶೇ. 15 ಹೆಚ್ಚುವರಿ ಟ್ಯಾಂಕ್ ಇಟ್ಟದ್ದು ಇದಕ್ಕೇ. 2 × 2 × 2.5 ಸೆಂ.ಮೀ. ಅಳತೆಯ, ಅಂದರೆ 10 ಮಿ.ಲೀ. ಗಾತ್ರದ ಫೋಮ್ ತುಂಡುಗಳನ್ನು ಡೆಕ್ಕಿನಡಿ, ನೀರುರೇಖೆಯ ಮೇಲೆ ಇಡುತ್ತ ಬನ್ನಿ. ನಮ್ಮ ಲೆಕ್ಕದಲ್ಲಿ 25ರಿಂದ 30 ಮಿ.ಲೀ. ಫೋಮ್ ಹಿಡಿಯಬೇಕು. ಗೋಪುರದ ತುದಿ ಮಾತ್ರ ನೀರಿನಿಂದ ಇಣುಕುವಂತೆ, 2ರಿಂದ 5 ಗ್ರಾಂ ತೇಲುಬಲ ಉಳಿಸಿ ನಿಲ್ಲಿಸಿ. ಪೂರ್ತಿ ಸಮತೋಲಕ್ಕೆ ಹೋಗಬೇಡಿ. ಉಳಿದ ಕೊಂಚವನ್ನು ಮೋಟರಿನ ವೇಗ ಮತ್ತು ಡೈವ್ ಪ್ಲೇನ್‌ಗಳು (ಮೇಲೆ ಕೆಳಗೆ ತಿರುಗುವ ಅಡ್ಡ ರೆಕ್ಕೆಗಳು) ನೋಡಿಕೊಳ್ಳುತ್ತವೆ. ಮೋಟರ್ ನಿಂತರೆ ದೋಣಿ ತಾನಾಗಿ ಮೇಲೆ ಬರುತ್ತದೆ.

ಮೂತಿ ಅಥವಾ ಬಾಲ ಇಳಿದಿದ್ದರೆ ಸೀಸವನ್ನೂ ಬ್ಯಾಟರಿಯನ್ನೂ ಮುಟ್ಟಬೇಡಿ. ಮುಟ್ಟಿದರೆ ಹಂತ 4 ಹಾಳು. ಡೆಕ್ಕಿನಡಿಯ ಫೋಮನ್ನು ಇಳಿದ ತುದಿಯ ಕಡೆಗೆ ಸರಿಸಿ. 28 ಮಿ.ಲೀ. ಫೋಮನ್ನು 8 ಸೆಂ.ಮೀ. ಸರಿಸಿದರೆ, ಟ್ಯಾಂಕ್ 1 ಸೆಂ.ಮೀ. ತಪ್ಪಾಗಿ ಕೂತ ದೋಷ ಸರಿಹೋಗುತ್ತದೆ. ಒಡಲಿನ ತುದಿಗೇ ಫೋಮ್ ಒಯ್ದರೂ ಸಮನಾಗದಿದ್ದರೆ ಟ್ಯಾಂಕನ್ನೇ ಸರಿಸದೆ ಬೇರೆ ದಾರಿಯಿಲ್ಲ.

ದೋಣಿ ಮುಳುಗದೆ ಗೋಪುರವೋ ಡೆಕ್ಕೋ ಹೊರಗುಳಿದರೆ ಈ ಸರದಿಯಲ್ಲಿ ಹುಡುಕಿ: ಡೆಕ್ಕಿನಡಿ ಅಥವಾ ಗೋಪುರದೊಳಗೆ ಗಾಳಿ ಸಿಕ್ಕಿಕೊಂಡಿದೆಯೇ, ಟ್ಯಾಂಕ್ ನಿಜಕ್ಕೂ ಪೂರ್ತಿ ತುಂಬಿದೆಯೇ (ನೀರನ್ನು ಹೊರಹಾಕಿ ಹಿಡಿದು ತೂಗಿ ನೋಡಿ), ಕೊಳವೆಯ ಬೆನ್ನು ರೇಖೆಯ ಮೇಲೆ ಬಂದಿದೆಯೇ, ಮೇಲ್ಭಾಗದ ಪ್ಲಾಸ್ಟಿಕ್ಕನ್ನು ಒಳಗಿನಿಂದ ಕೆರೆದು ತೆಳು ಮಾಡಬಹುದೇ. ಯಾವುದೂ ಅಲ್ಲದಿದ್ದರೆ ಟ್ಯಾಂಕ್ ಚಿಕ್ಕದು. ಆಗ ಸೀಸ ಸೇರಿಸಿದರೆ ಮುಳುಗುತ್ತದೆ ನಿಜ, ಆದರೆ ತೇಲುವಾಗಲೂ 4 ಗ್ರಾಂಗೆ ಒಂದು ಮಿಲಿಮೀಟರ್‌ನಂತೆ ತಗ್ಗಿ ಕೂರುತ್ತದೆ. 20 ಗ್ರಾಂವರೆಗೆ, ಅಂದರೆ ಅರ್ಧ ಸೆಂ.ಮೀ., ಒಪ್ಪಿಕೊಳ್ಳಬಹುದು. ಅಸಲಿ ದೋಣಿಗಳೂ ಹೊರೆಗೆ ತಕ್ಕಂತೆ ಮಟ್ಟ ಬದಲಿಸುತ್ತಿದ್ದವು. ಅದಕ್ಕಿಂತ ಹೆಚ್ಚಾದರೆ ಟ್ಯಾಂಕ್ ಬದಲಿಸಿ.

ಕೊನೆಗೆ ಹೊರಳು ಪರೀಕ್ಷೆ: ನೀರಿನಡಿ ದೋಣಿಯನ್ನು 45 ಡಿಗ್ರಿ ವಾಲಿಸಿ ಬಿಡಿ. ಒಂದೆರಡು ಸೆಕೆಂಡಿನಲ್ಲಿ ನೆಟ್ಟಗಾಗಬೇಕು. ಸೋಮಾರಿಯಂತೆ ಎದ್ದರೆ ಸೀಸ ಇನ್ನೂ ಕೆಳಗೆ, ಫೋಮ್ ಇನ್ನೂ ಮೇಲೆ ಹೋಗಬೇಕು. ಫೋಮನ್ನು ಗೋಪುರದೊಳಗೆ ಇಡುವ ಆಸೆಯಾಗುತ್ತದೆ. ಮುಳುಗಿದಾಗ ಅದು ಒಳ್ಳೆಯದೇ, ಆದರೆ ಗೋಪುರ ಮೊದಲೇ ಭಾರವಿದ್ದರೆ ಅಂಟು, ಬಣ್ಣ ಸೇರಿ ತೇಲುವಾಗ ವಾಲುತ್ತದೆ, ಒಮ್ಮೆ ತೂಗಿ ನೋಡಿ.

ಹಂತ 6: ಮತ್ತೆ ತೇಲಿಸಿ, ಆಮೇಲೆ ಅಂಟಿಸಿ

ಟ್ಯಾಂಕ್ ಖಾಲಿ ಮಾಡಿ ನೀರುರೇಖೆ ನೋಡಿ. ಡೆಕ್ಕಿನಡಿಯ ಫೋಮ್ ಒಂದೆರಡು ಗ್ರಾಂ ಮಾತ್ರ ತೂಗುವುದರಿಂದ ಮಟ್ಟ ಅರ್ಧ ಮಿಲಿಮೀಟರೂ ಬದಲಾಗಿರಬಾರದು. ಹೆಚ್ಚು ಬದಲಾಗಿದ್ದರೆ ಫೋಮಿನ ಭಾಗ ರೇಖೆಯ ಕೆಳಗೆ ಇಳಿದಿದೆ, ಅಥವಾ ಕೊಳವೆ ಸೋರುತ್ತಿದೆ. ಮೂರು ಸಲ ಮುಳುಗಿಸಿ ಎಬ್ಬಿಸಿ, ಮೂರೂ ಸಲ ಒಂದೇ ಮಟ್ಟ ಬಂದರೆ ಎಲ್ಲ ತುಂಡುಗಳ ಜಾಗಕ್ಕೂ ಮಾರ್ಕರಿನಲ್ಲಿ ಗುರುತು ಹಾಕಿ, ದೋಣಿ ಒಣಗಿಸಿ, ಸಿಲಿಕೋನ್ ಸೀಲಂಟಿನಿಂದ ಅಂಟಿಸಿ. ಒಂದು ದಿನ ಬಿಟ್ಟು ಮತ್ತೆ ನೀರಿಗಿಳಿಸಿ.

ಸೂಪರ್ ಗ್ಲೂ ಮತ್ತು ರಬ್ಬರ್ ಆಧಾರಿತ ಕಾಂಟ್ಯಾಕ್ಟ್ ಅಂಟು ಎಕ್ಸ್‌ಪಿಎಸ್ ಫೋಮನ್ನು ತಿಂದುಹಾಕುತ್ತವೆ. ಸಿಲಿಕೋನ್ ಅಥವಾ ಎಪಾಕ್ಸಿ ಮಾತ್ರ ಬಳಸಿ. ಸುಮಾರು 20 ಗ್ರಾಂ ಸೀಸ, 10 ಮಿ.ಲೀ. ಫೋಮನ್ನು ಅಂಟಿಸದೆ ವೆಲ್ಕ್ರೋದಲ್ಲಿ ಉಳಿಸಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಂತ 7: ತೊಟ್ಟಿಯಿಂದ ಹೊರಗೆ

ತೊಟ್ಟಿಯಲ್ಲಿ ಸರಿಯಿದ್ದ ದೋಣಿ ಬೇರೆ ನೀರಿನಲ್ಲಿ ಹಾಗೇ ಇರುವುದಿಲ್ಲ. 20 ಡಿಗ್ರಿ ನೀರಿಗೂ 30 ಡಿಗ್ರಿ ನೀರಿಗೂ ಸಾಂದ್ರತೆಯಲ್ಲಿ ಶೇ. 0.25 ವ್ಯತ್ಯಾಸ. 2 ಕಿಲೋ ದೋಣಿಗೆ ಅದು 5 ಗ್ರಾಂ, ಅಂದರೆ ನೀವು ಉಳಿಸಿಕೊಂಡ ತೇಲುಬಲ ಪೂರ್ತಿ. ತಣ್ಣನೆ ಮುಂಜಾನೆ ಟ್ರಿಮ್ ಮಾಡಿದ ದೋಣಿ ಬಿಸಿಲೇರಿದ ಮೇಲೆ ಮುಳುಗಿಯೇ ಹೋಗಬಹುದು. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಈಜುಕೊಳದಲ್ಲಿ ಲೀಟರಿಗೆ 3–4 ಗ್ರಾಂ ಉಪ್ಪಿರುತ್ತದೆ. ಅಲ್ಲಿ ಸುಮಾರು 4ರಿಂದ 6 ಗ್ರಾಂ ಸೀಸ ಹೆಚ್ಚು ಬೇಕು. ಕಡಲ ನೀರಿಗೆ 50 ಗ್ರಾಂ. ಅಲೆ ಮತ್ತು ರೇಡಿಯೊ ಎರಡರ ದೃಷ್ಟಿಯಿಂದಲೂ ಕಡಲು ಹೊಸಬರ ಜಾಗವಲ್ಲ: ಉಪ್ಪುನೀರಿನೊಳಗೆ ಸಂಕೇತ ಹೋಗುವುದೇ ಇಲ್ಲ. ಸಿಹಿನೀರಿನಲ್ಲೂ ಈಗಿನ 2.4 ಗಿಗಾಹರ್ಟ್ಸ್ ಸೆಟ್‌ಗಳು ಆಂಟೆನಾ ಮುಳುಗಿದ ಸ್ವಲ್ಪ ಆಳಕ್ಕೇ ಸಂಪರ್ಕ ಕಳೆದುಕೊಳ್ಳುತ್ತವೆ. ಹಳೆಯ 27, 40 ಮೆಗಾಹರ್ಟ್ಸ್ ಸೆಟ್‌ಗಳು ಮಾತ್ರ ಕೆಲವು ಮೀಟರ್ ಆಳಕ್ಕೂ ತಲುಪುತ್ತವೆ. ಯಾವುದೇ ಇರಲಿ, ಸಂಕೇತ ತಪ್ಪಿದರೆ ಟ್ಯಾಂಕ್ ತಾನಾಗಿ ಖಾಲಿಯಾಗುವ ಫೇಲ್‌ಸೇಫ್ ವ್ಯವಸ್ಥೆಯನ್ನು ತೊಟ್ಟಿಯಲ್ಲೇ, ಟ್ರಾನ್ಸ್‌ಮಿಟರ್ ಆರಿಸಿ, ಪರೀಕ್ಷಿಸಿ.

ಆಳದಲ್ಲಿ ಇನ್ನೊಂದು ಬಲೆಯಿದೆ. ಒಂದು ಮೀಟರ್ ಇಳಿದರೆ ಒತ್ತಡ ಸುಮಾರು ಹತ್ತನೇ ಒಂದು ಭಾಗ ಹೆಚ್ಚುತ್ತದೆ. ಡೆಕ್ಕಿನಡಿ 50 ಮಿ.ಲೀ. ಗುಳ್ಳೆ ಉಳಿದಿದ್ದರೆ ಅದು 4 ಮಿ.ಲೀ.ಗಿಂತ ಹೆಚ್ಚು ಕುಗ್ಗಿ, ಅಷ್ಟು ತೇಲುಬಲ ಹೋಗುತ್ತದೆ. ದೋಣಿ ಇನ್ನಷ್ಟು ಇಳಿಯುತ್ತದೆ, ಗುಳ್ಳೆ ಇನ್ನಷ್ಟು ಕುಗ್ಗುತ್ತದೆ. ತೊಟ್ಟಿಯಲ್ಲಿ ಚೆನ್ನಾಗಿದ್ದ ದೋಣಿ ಕೊಳದ ಆಳದಲ್ಲಿ ಕಾಣೆಯಾಗುವುದು ಹೀಗೆ. ಆದ್ದರಿಂದ ಪ್ರತಿ ಸಲ ನೀರಿಗಿಳಿಸಿದಾಗಲೂ ಮೊದಲು ಗುಳ್ಳೆ ಬಿಡಿಸಿ.

ಮೊದಲ ಓಟಕ್ಕೆ ತಳ ಕಾಣುವ, ಒಂದೂವರೆ ಮೀಟರಿಗಿಂತ ಆಳವಿಲ್ಲದ, ಜೊಂಡಿಲ್ಲದ ನೀರು ಆರಿಸಿ. ಗೋಪುರಕ್ಕೆ 10 ಮೀಟರ್ ಗಾಳದ ದಾರ, ಅದರ ತುದಿಗೆ ಒಂದು ಬೆಂಡು ಕಟ್ಟಿ. ಪ್ರೊಪೆಲರಿಗೆ ಸಿಕ್ಕದಂತೆ ದಾರ ಗೋಪುರದ ಹಿಂಬದಿಯಿಂದ ಮೇಲಕ್ಕೆ ಹೋಗಲಿ. ಬ್ಯಾಟರಿ ಬದಲಿಸಿದರೆ ತೂಗಿ ನೋಡಿ. ಒಂದೇ ಸಾಮರ್ಥ್ಯದ ಎರಡು ಬ್ಯಾಟರಿಗಳ ನಡುವೆಯೂ 10–20 ಗ್ರಾಂ ವ್ಯತ್ಯಾಸ ಇರಬಹುದು, ಅದು ಎರಡೂವರೆಯಿಂದ ಐದು ಮಿಲಿಮೀಟರ್ ಮಟ್ಟ. ಪ್ರತಿ ಬ್ಯಾಟರಿಯ ಮೇಲೂ ಅದರ ತೂಕ ಬರೆದಿಡಿ.

ಜೊತೆಗೆ ಒಯ್ಯುವ ಡಬ್ಬಿಯಲ್ಲಿ 1, 2, 5 ಗ್ರಾಂನ ಸೀಸದ ತುಂಡುಗಳು, ಹಿಂಬದಿಗೆ ವೆಲ್ಕ್ರೋ ಅಂಟಿಸಿದ 5 ಮಿ.ಲೀ. ಫೋಮ್ ತುಂಡುಗಳು, ಸಿರಿಂಜ್, ಸಿಲಿಕೋನ್ ಗ್ರೀಸ್, ಎರಡು ಹೆಚ್ಚುವರಿ ಓ-ರಿಂಗ್ ಇರಲಿ. ಸೀಸ ಸೇರಿಸುವುದಾದರೆ ತಳದಲ್ಲಿ, ಟ್ಯಾಂಕಿನ ನೇರಕ್ಕೆ. ಫೋಮ್ ಸೇರಿಸುವುದಾದರೆ ಡೆಕ್ಕಿನಡಿ, ಅದೇ ನೇರಕ್ಕೆ.